ಕ್ಯಾಲೊರಿಯ ಲೆಕ್ಕದಲ್ಲಿ ಬಿಡತಕ್ಕದ್ದು ಯಾವುದು?

ಉಪ್ಪಿನಂಗಡಿಯಿಂದ ಕಡಬದ ಮಾರ್ಗವಾಗಿ ಸುಬ್ರಹ್ಮಣ್ಯಕ್ಕೆ ಹೋಗುವ ರಸ್ತೆಯಲ್ಲಿರುವ ಆಲಂಕಾರು ಅಡಿಕೆ ತೆಂಗುಗಳ ಊರು. ಹಿಂದೆ ಪುತ್ತೂರು ತಾಲ್ಲೂಕಿಗೆ ಸೇರಿದ್ದು, ಈಗ ಕಡಬ ತಾಲ್ಲೂಕಿನಲ್ಲಿದೆ. ಇಂಥ ಊರುಗಳಲ್ಲಿಯೂ ‘ಕ್ಯಾಲೊರಿ’ ಎಂಬ ಶಬ್ದವು ವೈದ್ಯರ ಕೊಠಡಿಯನ್ನು ದಾಟಿ ಅಡುಗೆಮನೆಯನ್ನು ಹೊಕ್ಕಿದೆ. ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಮಂದಿಗೆ ಮಧುಮೇಹವಿದೆಯೆಂದು ಅಂದಾಜು ಮಾಡಿತು. ತೂಕವನ್ನು ಇಳಿಸಬೇಕೆಂದು ವೈದ್ಯರು ಹೇಳುತ್ತಾರೆ. ಮನೆಯ ಮಕ್ಕಳು ಮೊಬೈಲಿನಲ್ಲಿ ಲೆಕ್ಕವಿಡುವ ಏರ್ಪಾಡನ್ನು ಮಾಡಿಕೊಡುತ್ತಾರೆ. ಬರೆಯಲು ತೊಡಗಿದ ಮೊದಲ ದಿನವೇ ಸಂದೇಹಗಳು ಹುಟ್ಟುತ್ತವೆ. ಒಗ್ಗರಣೆಯ ಸಾಸಿವೆಯನ್ನು ಬರೆಯಬೇಕೆ? ಮಿಡಿ ಉಪ್ಪಿನಕಾಯಿ? ಬಂದವರೊಡನೆ ಬಾಯಿಗೆ ಹಾಕಿಕೊಂಡ ಬೆಲ್ಲದ ಚೂರು?

ಇಲ್ಲಿ ಜನರು ಎರಡು ಪಂಗಡವಾಗುವುದನ್ನು ಕಾಣುತ್ತೇವೆ. ಒಂದು ಪಂಗಡದವರು ಕರಿಬೇವಿನ ಎಸಳನ್ನೂ ಬಿಡದೆ ಬರೆದು ಮೂರು ವಾರಗಳಲ್ಲಿ ಬೇಸತ್ತು ಪುಸ್ತಕವನ್ನು ಮುಚ್ಚುತ್ತಾರೆ. ಇನ್ನೊಂದು ಪಂಗಡದವರು ಅನ್ನವನ್ನು ಮಾತ್ರ ಬರೆದು, ಉಳಿದುದೆಲ್ಲ ಚಿಲ್ಲರೆಯೆಂದು ತಳ್ಳಿಹಾಕಿ, ತೂಕವೇಕೆ ಇಳಿಯಲಿಲ್ಲವೆಂದು ಆಶ್ಚರ್ಯಪಡುತ್ತಾರೆ. ಎರಡು ದಾರಿಯೂ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಲೆಕ್ಕದಿಂದ ಬಿಡುವುದಕ್ಕೂ ಒಂದು ಕ್ರಮವುಂಟು. ಅದನ್ನು ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಮೊದಲ ವರ್ಷದಲ್ಲಿಯೇ ಕಲಿಯುತ್ತಾರೆ, ಬಳಿಕ ಮರೆಯುತ್ತಾರೆ.

ನಗಣ್ಯವೆಂಬ ಗುಣವು ಯಾವ ವಸ್ತುವಿಗೂ ಸ್ವತಃ ಇಲ್ಲ. ಲೋಲಕದ ಪ್ರಯೋಗದಲ್ಲಿ ದಾರದ ತೂಕವನ್ನು ಬಿಡುತ್ತೇವೆ. ಕೆಳಗೆ ತೂಗುವ ಲೋಹದ ಗುಂಡು ಅದಕ್ಕಿಂತ ಎಷ್ಟೋ ಪಾಲು ಭಾರವಾದುದು. ಅದೇ ದಾರವನ್ನು ಗಾಳಿಪಟಕ್ಕೆ ಕಟ್ಟಿ ಮುನ್ನೂರು ಅಡಿ ಬಿಟ್ಟರೆ ಅದರ ತೂಕವನ್ನು ಬಿಡಲಾಗದು. ಆದುದರಿಂದ ‘ಇದು ಚಿಕ್ಕದೆ?’ ಎಂಬ ಪ್ರಶ್ನೆಗೆ ಅರ್ಥವಿಲ್ಲ. ‘ಯಾವುದರ ಮುಂದೆ ಚಿಕ್ಕದು?’ ಎಂದು ಕೇಳಬೇಕು.

ನಮ್ಮ ಊಟದಲ್ಲಿ ಆ ದೊಡ್ಡ ಗುಂಡು ಕುಚ್ಚಲಕ್ಕಿಯ ಅನ್ನ. ಒಬ್ಬರು ದಿನಕ್ಕೆ 300 ಗ್ರಾಂ ಅಕ್ಕಿಯ ಅನ್ನವನ್ನೂ ಗಂಜಿಯನ್ನೂ ಉಣ್ಣುವರೆನ್ನೋಣ. ಅಕ್ಕಿಯ 100 ಗ್ರಾಮಿಗೆ ಸುಮಾರು 350 ಕ್ಯಾಲೊರಿಯಂತೆ ಇದು 1050 ಕ್ಯಾಲೊರಿಯಾಯಿತು. (ಆಹಾರದ ವಿಚಾರದಲ್ಲಿ ಕ್ಯಾಲೊರಿಯೆಂದರೆ ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಮಾಡುವ ಶಾಖ.) ಈ ಅನ್ನವನ್ನು ತೂಗಿ ಉಣ್ಣುವವರಾರೂ ಇಲ್ಲ, ಸೌಟಿನಿಂದ ಬಡಿಸುತ್ತಾರೆ. ಸೌಟಿನ ಅಳತೆಯಲ್ಲಿ ಹತ್ತರಲ್ಲಿ ಒಂದು ಪಾಲು ಹೆಚ್ಚುಕಡಿಮೆಯಾಗುವುದು ತೀರ ಸಹಜ. ಅಂದರೆ ಅನ್ನವೊಂದರಲ್ಲಿಯೇ 100 ಕ್ಯಾಲೊರಿಗಳ ಸಂದೇಹವಿದೆ. ಹೀಗಿರುವಲ್ಲಿ ಒಂದು ಎಸಳು ಕರಿಬೇವಿನ ಒಂದು ಕ್ಯಾಲೊರಿಯನ್ನು ಬರೆಯುವುದು, ಅಡಿಕೆಯ ಮೂಟೆಯನ್ನು ತಕ್ಕಡಿಗೆ ಏರಿಸಿದ ಮೇಲೆ ಅದರ ಮೇಲಿನ ಧೂಳನ್ನು ಒರಸಿದಂತಾಗುವುದು.

ಸೌಟು ಮಾತ್ರವಲ್ಲ, ಕೋಷ್ಟಕಗಳೂ ಅಷ್ಟೊಂದು ನಿಖರವಲ್ಲ. ಅಮೆರಿಕದ ಮಿಡಲ್‌ಟೌನ್ ಎಂಬಲ್ಲಿ ವಿಲ್ಬರ್ ಅಟ್‌ವಾಟರ್ ಎಂಬ ರಸಾಯನಶಾಸ್ತ್ರಜ್ಞನೂ ಎಡ್ವರ್ಡ್ ರೋಸಾ ಎಂಬ ಭೌತವಿಜ್ಞಾನಿಯೂ 1890ರ ದಶಕದಲ್ಲಿ ಮನುಷ್ಯನೊಬ್ಬನು ದಿನಗಟ್ಟಲೆ ವಾಸಿಸಬಹುದಾದ ಉಷ್ಣಮಾಪಕ ಕೋಣೆಯೊಂದನ್ನು ಕಟ್ಟಿದರು. ಒಳಗೆ ಹೋದ ಆಹಾರದ ಶಕ್ತಿಯೂ ಹೊರಗೆ ಬಂದ ಶಾಖವೂ ಆಶ್ಚರ್ಯವೆನಿಸುವಷ್ಟು ತಾಳೆಯಾದವು. ಶಕ್ತಿಯ ನಿತ್ಯತ್ವದ ನಿಯಮಕ್ಕೆ ಮನುಷ್ಯದೇಹವೂ ಹೊರತಲ್ಲವೆಂದು ಸ್ಥಿರಪಟ್ಟಿತು. ಪಿಷ್ಟಕ್ಕೂ ಪ್ರೋಟೀನಿಗೂ ಗ್ರಾಮಿಗೆ 4, ಕೊಬ್ಬಿಗೆ 9 ಎಂದು ನಾವು ಇಂದಿಗೂ ಗುಣಿಸುವ ಸಂಖ್ಯೆಗಳು ಅಟ್‌ವಾಟರನ ಸಂಶೋಧನೆಯ ಫಲ. ಆದರೆ ಅವು ಸರಾಸರಿಗಳು. 28 ಗ್ರಾಂ ಗೇರುಬೀಜದಲ್ಲಿ ಈ ಗುಣಾಕಾರದ ಪ್ರಕಾರ 163 ಕ್ಯಾಲೊರಿಗಳಿರಬೇಕು. ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು ಮನುಷ್ಯರಿಗೆ ತಿನ್ನಿಸಿ ಅಳೆದು 2019ರಲ್ಲಿ ಪ್ರಕಟಿಸಿದಾಗ ದೇಹಕ್ಕೆ ದಕ್ಕುವುದು 137 ಮಾತ್ರವೆಂದು ತಿಳಿಯಿತು. ಹಸಿ ತೆಂಗಿನಕಾಯಿಯ 100 ಗ್ರಾಮಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಹಿಂದಿನ ಕೋಷ್ಟಕದಲ್ಲಿ 444, ಅಮೆರಿಕದ ಕೋಷ್ಟಕದಲ್ಲಿ 354. ಕಾಯಿಯ ಬಲಿತ, ತಳಿ, ಲೆಕ್ಕದ ವಿಧಾನ ಎಲ್ಲವೂ ಈ ಭೇದಕ್ಕೆ ಕಾರಣ. ಹೀಗಿದ್ದೂ ಮೊಬೈಲಿನ ಪರದೆಯು ಸಂಜೆಗೆ ‘ಇಂದು 1847 ಕ್ಯಾಲೊರಿ’ ಎಂದು ಘೋಷಿಸುತ್ತದೆ. ವಿದ್ಯಾರ್ಥಿಯೊಬ್ಬನು ಪ್ರಯೋಗದ ಪುಸ್ತಕದಲ್ಲಿ ಹೀಗೆ ಬರೆದು ತಂದರೆ ನಾವು ಕೊನೆಯ ಎರಡು ಅಂಕೆಗಳಿಗೆ ಕೆಂಪು ಶಾಯಿಯ ಗೆರೆಯನ್ನು ಎಳೆಯುತ್ತೇವೆ. 1800 ಎಂದರೆ ಸಾಕು, ಅದೇ ಹೆಚ್ಚು ಸತ್ಯ.

ಹಾಗಾದರೆ 20 ಕ್ಯಾಲೊರಿಗಳಿಗಿಂತ ಕಡಿಮೆಯಾದುದನ್ನೆಲ್ಲ ಬಿಡೋಣವೆ? ಎರಡನೆಯ ಪಂಗಡದವರು ಜಾರುವುದು ಇಲ್ಲಿಯೇ. ಸೌಟಿನ ತಪ್ಪು ಒಂದು ದಿನ ಹೆಚ್ಚಾದರೆ ಇನ್ನೊಂದು ದಿನ ಕಡಿಮೆಯಾಗಿ ಬಹುಮಟ್ಟಿಗೆ ತಾನೇ ಕಳೆದುಹೋಗುತ್ತದೆ. ಬಿಟ್ಟುದರ ತಪ್ಪು ಹಾಗಲ್ಲ. ಅದು ಪ್ರತಿಸಲವೂ ಒಂದೇ ಕಡೆಗೆ ಬೀಳುತ್ತದೆ. ಬೇರೆಬೇರೆ ಪ್ರಮಾಣದ 16 ಭಕ್ಷ್ಯಗಳನ್ನು ಹತ್ತಿರದ 50ಕ್ಕೆ ಸರಿಹೊಂದಿಸಿ ಬರೆದರೆ ಒಂದೊಂದರ ತಪ್ಪು 25ರ ವರೆಗೂ ಹೋಗಬಹುದಾದರೂ ಅವು ಎರಡು ಕಡೆಗೂ ಇರುವುದರಿಂದ ಮೊತ್ತದಲ್ಲಿ ಸಾಮಾನ್ಯವಾಗಿ ಸುಮಾರು 60ರಷ್ಟು ಮಾತ್ರ ಉಳಿಯುವುದು. ತಲಾ 20 ಕ್ಯಾಲೊರಿಯ 16 ಚಿಲ್ಲರೆ ತಿನಿಸುಗಳನ್ನು ಬಿಟ್ಟರೆ 320 ಕ್ಯಾಲೊರಿಗಳು ಪೂರ್ಣವಾಗಿ ಮಾಯವಾಗುತ್ತವೆ. ದೊಡ್ಡದನ್ನು ಸ್ಥೂಲವಾಗಿ ಬರೆಯುವುದು ಕ್ಷಮ್ಯ. ಚಿಕ್ಕದನ್ನು ಸೊನ್ನೆಯೆಂದು ಬರೆಯುವುದು ಅದಕ್ಕಿಂತ ಬೇರೆಯಾದ ಸಂಗತಿ.

ಈ ಸೊನ್ನೆಯಿಂದ ವ್ಯಾಪಾರಿಗಳಿಗೆ ಲಾಭವೂ ಇದೆ. ಅಮೆರಿಕದ ನಿಯಮದಂತೆ ಒಂದು ಬಾರಿಯ ಬಳಕೆಯಲ್ಲಿ 5ಕ್ಕಿಂತ ಕಡಿಮೆ ಕ್ಯಾಲೊರಿಯಿದ್ದರೆ ಚೀಟಿಯ ಮೇಲೆ ಸೊನ್ನೆಯೆಂದು ಮುದ್ರಿಸಬಹುದು. ಅಲ್ಲಿ ಕಾವಲಿಗೆ ಎಣ್ಣೆಯನ್ನು ತುಂತುರಾಗಿ ಸಿಂಪಡಿಸುವ ಡಬ್ಬಿಗಳುಂಟು. ಒಳಗಿರುವುದು ಎಣ್ಣೆಯೇ, ಆದರೆ ‘ಒಂದು ಬಳಕೆ’ ಎಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತಿನ ತುಂತುರು, ಕಾಲು ಗ್ರಾಮಿನಷ್ಟು. ಹೀಗಾಗಿ ಎಣ್ಣೆಯ ಡಬ್ಬಿಯ ಮೇಲೆ ಸೊನ್ನೆ ಕ್ಯಾಲೊರಿ! ಅಷ್ಟೇ ಹೊತ್ತು ಸಿಂಪಡಿಸಿ ನಿಲ್ಲಿಸುವ ಅಡುಗೆಯವರು ಯಾರಿದ್ದಾರೋ ತಿಳಿಯದು.

ಲೆಕ್ಕವಿಡುವವರು ಪ್ರಾಮಾಣಿಕರಾಗಿದ್ದರೂ ಈ ಏಕಮುಖವಾದ ತಪ್ಪು ಎಷ್ಟು ಬೆಳೆಯಬಲ್ಲದೆಂಬುದಕ್ಕೆ 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಪ್ರಕಟಿಸಿದ ಅಧ್ಯಯನವು ಸಾಕ್ಷಿ. ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲವೆಂದು ಹೇಳಿಕೊಂಡ ಹತ್ತು ಮಂದಿ ಸ್ಥೂಲಕಾಯರನ್ನು ಅವರು ಪರೀಕ್ಷಿಸಿದರು. ಜಲಜನಕ, ಆಮ್ಲಜನಕಗಳ ಭಾರವಾದ ಐಸೋಟೋಪುಗಳಿರುವ ನೀರನ್ನು ಕುಡಿಸಿ, ಅವು ದೇಹದಿಂದ ಹೊರಹೋಗುವ ವೇಗಗಳ ಅಂತರದಿಂದ ದೇಹದಲ್ಲಿ ವ್ಯಯವಾದ ಶಕ್ತಿಯನ್ನು ತಿಳಿಯುವ ವಿಧಾನವಿದೆ. ಈ ಲೆಕ್ಕದಲ್ಲಿ ಮರೆವಿಗೂ ದಾಕ್ಷಿಣ್ಯಕ್ಕೂ ಎಡೆಯಿಲ್ಲ. ಆ ಹತ್ತು ಮಂದಿಯ ಬರಹದಲ್ಲಿ ಸರಾಸರಿ 47 ಪ್ರತಿಶತ ಆಹಾರವು ಬಿಟ್ಟುಹೋಗಿತ್ತು. ಅವರ ದೇಹಗಳು ಶಕ್ತಿಯನ್ನು ವ್ಯಯಿಸುತ್ತಿದ್ದ ರೀತಿಯಲ್ಲಿ ವಿಶೇಷವಾದ ಲೋಪವೇನೂ ಕಾಣಲಿಲ್ಲ.

ಇನ್ನು ನಮ್ಮ ಅಡುಗೆಮನೆಗೆ ಬರೋಣ. ಒಂದೆಲಗದ ತಂಬುಳಿಯನ್ನು ತೆಗೆದುಕೊಳ್ಳಿರಿ. ‘ಸೊಪ್ಪು ಮಜ್ಜಿಗೆ, ಅದರಲ್ಲೇನಿದೆ?’ ಎಂದು ಅದನ್ನು ಬಿಡುವವರೇ ಹೆಚ್ಚು. ನಾಲ್ವರಿಗಾಗುವ ತಂಬುಳಿಗೆ ಒಂದು ಹಿಡಿ ಎಲೆ: ಐದಾರು ಕ್ಯಾಲೊರಿ. ನೀರಾದ ಮಜ್ಜಿಗೆ ಎರಡು ಲೋಟ: 60ರಷ್ಟು. ಅರೆಯಲು ಹಾಕಿದ ಕಾಯಿತುರಿ 50 ಗ್ರಾಂ: 200. ಒಗ್ಗರಣೆಗೆ ಒಂದು ಚಮಚ ತುಪ್ಪ: 45. ಹೆಸರು ಒಂದೆಲಗದ್ದು, ಶಕ್ತಿಯ ಮುಕ್ಕಾಲು ಪಾಲು ತೆಂಗು ತುಪ್ಪಗಳದ್ದು. ಸೌತೆಯ ಮೇಲೋಗರ, ಬಸಳೆಯ ಸಾರು, ಬಾಳೆದಿಂಡಿನ ಪಲ್ಯ ಇವೆಲ್ಲವೂ ಇದೇ ಜಾತಿ. ತರಕಾರಿಯನ್ನು ಬರೆದು ತೆಂಗನ್ನು ಬಿಡುವುದಕ್ಕಿಂತ, ತೆಂಗನ್ನು ಬರೆದು ತರಕಾರಿಯನ್ನು ಬಿಡುವುದು ಮೇಲು. ಒಗ್ಗರಣೆಯಲ್ಲಿಯೂ ಹಾಗೆಯೇ. ಸಾಸಿವೆ, ಮೆಣಸು, ಇಂಗು, ಬೇವು ಇವನ್ನು ನಿಶ್ಚಿಂತೆಯಿಂದ ಬಿಡಿರಿ. ಅವನ್ನು ಸಿಡಿಸಿದ ಎಣ್ಣೆಯನ್ನು ಬಿಡಬೇಡಿರಿ. ಒಂದು ಚಿಕ್ಕ ಚಮಚಕ್ಕೆ 40 ಕ್ಯಾಲೊರಿ, ಮತ್ತು ಅದು ಪಾತ್ರೆಯ ತಳದಲ್ಲಿ ಕಣ್ಣಿಗೆ ಬೀಳದೆ ಕುಳಿತಿರುತ್ತದೆ. ಹಲಸಿನ ಹಪ್ಪಳವು ಕೈಯಲ್ಲಿ ಎತ್ತಿದರೆ ಗರಿಯಂತೆ ಹಗುರ. ಕರಿಯುವಾಗ ಹೀರಿದ ಎಣ್ಣೆಯೂ ಆ ಹಗುರದೊಳಗೇ ಇದೆ. ತಟ್ಟೆಯಲ್ಲಿ ಹೆಚ್ಚು ಜಾಗವನ್ನು ಆಕ್ರಮಿಸುವ ಪದಾರ್ಥದಲ್ಲಿ ಬಹಳ ಸಲ ನೀರೇ ಅಧಿಕವಾಗಿರುವುದರಿಂದ ಇಲ್ಲಿ ಕಣ್ಣಿನ ಸಾಕ್ಷ್ಯಕ್ಕೆ ಬೆಲೆ ಕಡಿಮೆ.

ಗುಣಿಸಬೇಕಾದ ಇನ್ನೊಂದು ಅಂಶವುಂಟು: ಎಷ್ಟು ಸಲ? ತಿಂಗಳಿಗೊಮ್ಮೆ ದೇವಸ್ಥಾನದ ಸಂತರ್ಪಣೆಯಲ್ಲಿ ಎರಡು ಸೌಟು ಪಾಯಸವನ್ನು ಉಂಡವರು, ಅಪರಾಧ ಮಾಡಿದವರಂತೆ 350 ಕ್ಯಾಲೊರಿಗಳನ್ನು ಬರೆದುಕೊಂಡು ಮರುದಿನ ಉಪವಾಸವಿರುವುದುಂಟು. ಆ ಪಾಯಸವನ್ನು ತಿಂಗಳಿಗೆ ಹಂಚಿದರೆ ದಿನಕ್ಕೆ 12. ಆದರೆ ದಿನಕ್ಕೆ ಮೂರು ಚಹಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆಯಂತೆ 120 ಕ್ಯಾಲೊರಿಗಳಾಗುತ್ತವೆ, ಪಾಯಸದ ಹತ್ತುಪಟ್ಟು. ವರ್ಷದ ಲೆಕ್ಕದಲ್ಲಿ ಬಿಡಬಹುದಾದುದು ಪಾಯಸ. ಮಧುಮೇಹಿಗಳಿಗೆ ರಕ್ತದ ಸಕ್ಕರೆಯ ವಿಚಾರ ಬೇರೆ. ಅವರು ವೈದ್ಯರನ್ನೇ ಕೇಳತಕ್ಕದ್ದು.

ಈ ನೂರು ಕ್ಯಾಲೊರಿಗಳಿಂದ ಆಗುವುದಾದರೂ ಏನು? ಒಂದು ಕಿಲೋಗ್ರಾಂ ತೂಕಕ್ಕೆ 7700 ಕ್ಯಾಲೊರಿಯೆಂದು ಭಾಗಿಸಿ, ವರ್ಷಕ್ಕೆ ನಾಲ್ಕೂವರೆ ಕಿಲೋಗ್ರಾಮಿಗಿಂತ ಹೆಚ್ಚು, ಹತ್ತು ವರ್ಷಕ್ಕೆ ಅದರ ಹತ್ತರಷ್ಟು ಎಂದು ಬೆದರಿಸುವ ಪದ್ಧತಿ ಬಹುಕಾಲದಿಂದ ಇದೆ. ತಳದಲ್ಲಿ ರಂಧ್ರವಿರುವ ತೊಟ್ಟಿಗೆ ನೀರು ಬಿಟ್ಟಂತೆ ದೇಹದ ವ್ಯವಹಾರವೆಂಬುದನ್ನು ಇದು ಮರೆಯುತ್ತದೆ. ಮಟ್ಟವು ಏರಿದಂತೆ ಸೋರಿಕೆಯೂ ಏರಿ, ಕೊನೆಗೆ ಹೊಸ ಮಟ್ಟದಲ್ಲಿ ನಿಲ್ಲುವುದು. ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ಮಂಡಿಸಿದ ಗಣಿತದ ಪ್ರಕಾರ ದಿನಕ್ಕೆ 24 ಕ್ಯಾಲೊರಿಗಳ ಸ್ಥಿರವಾದ ವ್ಯತ್ಯಾಸವು ಕೊನೆಗೆ ಸುಮಾರು ಒಂದು ಕಿಲೋಗ್ರಾಮಿಗೆ ಸಮ. ಅದರಲ್ಲಿ ಅರ್ಧವು ಒಂದು ವರ್ಷದಲ್ಲಿ, ಬಹುಭಾಗವು ಮೂರು ವರ್ಷಗಳಲ್ಲಿ ಆಗುವುದು. ಹಾಗೆಂದರೆ ನೂರು ಕ್ಯಾಲೊರಿಗೆ ನಾಲ್ಕು ಕಿಲೋಗ್ರಾಂ. ಬೆದರಬೇಕಾದಷ್ಟಿಲ್ಲ, ಉಪೇಕ್ಷಿಸುವಷ್ಟೂ ಅಲ್ಲ.

ಒಂದು ಲೆಕ್ಕದಲ್ಲಿ ನಗಣ್ಯವಾದುದು ಎಲ್ಲ ಲೆಕ್ಕದಲ್ಲಿಯೂ ನಗಣ್ಯವೆಂದು ಭಾವಿಸಬಾರದು. ಉಪ್ಪಿಗೆ ಕ್ಯಾಲೊರಿಯೇ ಇಲ್ಲ. ರಕ್ತದೊತ್ತಡದ ಲೆಕ್ಕದಲ್ಲಿ ಮಿಡಿ ಉಪ್ಪಿನಕಾಯಿ ದೊಡ್ಡ ಪದಾರ್ಥ. ಊಟದ ಮೇಲಿನ ಎಲೆಯಡಿಕೆಯ ಶಕ್ತಿಯೂ ಬಿಡತಕ್ಕಷ್ಟೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅರ್ಬುದ ಸಂಶೋಧನಾ ಸಂಸ್ಥೆಯು 2004ರ ತನ್ನ ಗ್ರಂಥದಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಅರ್ಬುದಕಾರಕವೆಂದು ವರ್ಗೀಕರಿಸಿದೆ. ಅಡಿಕೆಯಿಂದಲೇ ಬದುಕುವ ಸೀಮೆಯಲ್ಲಿ ಈ ಮಾತು ಅಪ್ರಿಯವೆಂಬುದನ್ನು ಬಲ್ಲೆವು.

ಅಡುಗೆ ಮಾಡುವವರ ಪಾಡನ್ನೂ ಹೇಳಬೇಕು. ರುಚಿ ನೋಡಿದ ಸಾಂಬಾರು, ಮಗುವಿನ ತಟ್ಟೆಯಲ್ಲಿ ಉಳಿದ ಅರ್ಧ ದೋಸೆ, ತಳದ ಪಾಯಸ ಇವು ಯಾವ ಪುಸ್ತಕವನ್ನೂ ಸೇರುವುದಿಲ್ಲ. ‘ಏನೂ ತಿನ್ನುವುದಿಲ್ಲ, ಆದರೂ ದಪ್ಪವಾಗುತ್ತಾಳೆ’ ಎಂಬ ಮಾತನ್ನು ಮನೆಯೊಡತಿ ಕೇಳಬೇಕಾಗುತ್ತದೆ. ಇಂಥ ಚೂರುಗಳನ್ನು ಚಮಚದಿಂದ ಅಳೆಯಲು ಹೊರಡುವುದು ವ್ಯರ್ಥ. ಪಾತ್ರೆಯಿಂದ ಆವಿಯಾಗಿ ಹೋದ ನೀರನ್ನು ಹಿಡಿದು ತೂಗುವುದಿಲ್ಲ, ಪಾತ್ರೆಯಲ್ಲಿ ಎಷ್ಟು ಕಡಿಮೆಯಾಯಿತೆಂದು ನೋಡುತ್ತೇವೆ. ಇಲ್ಲಿಯೂ ಅದೇ ಉಪಾಯವು ಸಾಕು: ಡಬ್ಬಿಯನ್ನು ನೋಡುವುದು.

ಐದು ಮಂದಿಯ ಮನೆಯೊಂದರಲ್ಲಿ ತಿಂಗಳಿಗೆ 3 ಲೀಟರ್ ಎಣ್ಣೆ, ದಿನಕ್ಕೊಂದರಂತೆ 30 ತೆಂಗಿನಕಾಯಿ, 4 ಕಿಲೋಗ್ರಾಂ ಸಕ್ಕರೆ ಮುಗಿಯುವುದೆನ್ನೋಣ. ಎಣ್ಣೆಯು 2760 ಗ್ರಾಂ ತೂಗುವುದು. ಅದನ್ನು 9ರಿಂದ ಗುಣಿಸಿ 150ರಿಂದ ಭಾಗಿಸಿದರೆ ತಲೆಗೆ ದಿನಕ್ಕೆ 165 ಕ್ಯಾಲೊರಿ. ಕಾಯಿಯೊಂದರ ತಿರುಳು 250 ಗ್ರಾಮಿನಂತೆ ಹಿಡಿದರೆ 200. ಸಕ್ಕರೆಯಿಂದ 105. ಒಟ್ಟು 470. ಕುಳಿತು ಕೆಲಸಮಾಡುವ ಸ್ತ್ರೀಗೆ ದಿನಕ್ಕೆ 1660 ಕ್ಯಾಲೊರಿ ಸಾಕೆಂದು ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರಲ್ಲಿ ಹೇಳಿದೆ. ಅದರ ಕಾಲುಭಾಗಕ್ಕಿಂತ ಹೆಚ್ಚು ಈ ಮೂರು ‘ಚಿಲ್ಲರೆ’ಗಳಲ್ಲಿಯೇ ಸೇರಿತು. ತಿಂಗಳಿಗೊಮ್ಮೆ ಇಷ್ಟನ್ನು ಅಂಗಡಿಯ ಚೀಟಿಯಿಂದ ಲೆಕ್ಕಹಾಕಿ, ದಿನದಿನದ ಪುಸ್ತಕದಲ್ಲಿ ಅನ್ನ, ದೋಸೆ, ಬೇಳೆ, ಮೀನು, ಹಾಲು, ಅಂಗಡಿಯಿಂದ ತಂದ ಕುರುಕಲು ಇವನ್ನು ಮಾತ್ರ ಸ್ಥೂಲವಾಗಿ ಬರೆದರೆ ಒಗ್ಗರಣೆಯೂ ತಂಬುಳಿಯೂ ರುಚಿ ನೋಡಿದ ಪಾಯಸದ ಸಕ್ಕರೆಯೂ ತಾವಾಗಿಯೇ ಲೆಕ್ಕದೊಳಗೆ ಬಂದುಬಿಡುತ್ತವೆ. ಸೊಪ್ಪು, ಸೌತೆ, ಸಾಂಬಾರ ಪದಾರ್ಥಗಳನ್ನು ಬರೆಯಬೇಕಾಗಿಲ್ಲ. ಕರಿದು ಉಳಿದು ಚೆಲ್ಲಿದ ಎಣ್ಣೆಯನ್ನೂ ಬಂದವರಿಗೆ ಕೊಟ್ಟ ಚಹಾದ ಸಕ್ಕರೆಯನ್ನೂ ಅಂದಾಜಿನಿಂದ ಕಳೆಯಬೇಕು. ನಮ್ಮ ಕಡೆಯ ಮನೆಗಳಲ್ಲಿ ಒಂದೇ ಡಬ್ಬಿಯ ತೆಂಗಿನೆಣ್ಣೆ ತಲೆಗೂ ದೇವರ ದೀಪಕ್ಕೂ ಹೋಗುವುದರಿಂದ ಅದನ್ನು ಕಳೆಯಲು ಮರೆಯಬಾರದು.