ಅದು ಇನ್ನೊಂದರಿ ಮದುವೆ ಆದರೆ ನಿಂಗಳ ಗಂಟು ಎಂತ ಹೋವುತ್ತು?

ಮೊನ್ನೆ ಸಿದ್ಧಕಟ್ಟೆ ಹೊಡೆಲಿ ಒಂದು ಉಪ್ನಾನ. ಉಂಡಿಕ್ಕಿ ಎಲೆಅಡಕ್ಕೆ ತಿಂಬಲೆ ಕೂದಪ್ಪಗ ಶುರುವಾತು. "ಗೊಂತಿದ್ದಾ, ವೇಣೂರಿನ ಆ ಕೂಸಿಂಗೆ ಇನ್ನೊಂದರಿ ಮದುವೆ ಅಡ! ಅದೂ ಒಟ್ಟಿಂಗೆ ಶಾಲಗೆ ಹೋಗಿಂಡಿದ್ದ ಮಾಣಿಯತ್ರೆ!"

ಕೂಸು ಎಲ್ಲಿಂದ? ಅದಕ್ಕೆ ಈಗ 43. ವಿಟ್ಲ ಹೊಡೆಂಗೆ ಕೊಟ್ಟದು, ಗೆಂಡ ತೀರಿಹೋಗಿ 8 ವರ್ಷ ಆತು. ಹತ್ತನೇ ಕ್ಲಾಸಿಲಿಪ್ಪಗ ಇಬ್ರೂ ಒಂದೇ ಬಸ್ಸಿಲಿ ಮೂಡಬಿದ್ರೆಗೆ ಹೋಗಿಂಡಿದ್ದವು. ಗಣಿತ ಪುಸ್ತಕದ ಎಡೆಲಿ ಒಂದು ಕಾಗದ ಸಿಕ್ಕಿತ್ತು ಹೇಳಿ ಅಪ್ಪ ಓದು ನಿಲ್ಲುಸಿದವು. ಅಂಬಗಳೂ ನಾವು ಮಾತಾಡಿದ್ದು ಕಾಗದದ ಬಗ್ಗೆ, ಅದರ ಮಾರ್ಕಿನ ಬಗ್ಗೆ ಅಲ್ಲ.

ಮಾಣಿಗೆ ಮದುವೆಯೇ ಆಯಿದಿಲ್ಲೆ. ಅಡಕ್ಕೆ ತೋಟ, ಅಬ್ಬೆ, ನಾಕು ದನ. ತೋಟ ನೋಡಿಗೊಂಡು ಇಪ್ಪ ಮಾಣಿಗೆ ಕೂಸು ಕೊಡೆಯೊ ಹೇಳಿದವು ನಾವೇ ಅಲ್ಲದೋ?

ಎನ್ನ ಸೋದರಮಾವ ಅತ್ತೆಯ ವರ್ಷಾಂತಿಕ ಕಳುದ ಮರುತಿಂಗಳೇ ಬೇರೆ ಮದುವೆ ಆದವು. ಜಾತಕ ತಂದುಕೊಟ್ಟದು ಈಗ ಎಲೆ ತಿಂದುಗೊಂಡು ಕೂದ ಇದೇ ದೊಡ್ಡಮ್ಮ. "ಪಾಪ, ಅಡಿಗೆ ಮಾಡಿ ಹಾಕುಲೆ ಜೆನ ಬೇಕನ್ನೆ" ಹೇಳಿದವು. ಆ ಮದುವೆಲಿ ಆನೂ ಹೋಳಿಗೆ ಬಡುಸಿದ್ದೆ, ಒಂದು ಮಾತು ಆಡಿದ್ದಿಲ್ಲೆ.

ಒಬ್ಬ ಚಿಕ್ಕಮ್ಮ ಕಾನೂನನ್ನೂ ಹೇಳಿದವು, ಮದುವೆ ಆದರೆ ಮೊದಲಾಣ ಗೆಂಡನ ತೋಟದ ಪಾಲು ಹೋವುತ್ತಡ. ಹೋವುತ್ತಿಲ್ಲೆ ಚಿಕ್ಕಮ್ಮ. ಅದು 1856ರ ವಿಧವಾ ವಿವಾಹ ಕಾಯ್ದೆಯ ಮಾತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮತ್ತೆ, ವೀಲು ಬರೆಯದ್ದೆ ಗೆಂಡ ತೀರಿಹೋದರೆ ಹೆಂಡತ್ತಿಗೂ ಮಕ್ಕೊಗೂ ಪಾಲಿದ್ದು. ಬಂದ ಪಾಲಿನ ಮತ್ತೆ ಮದುವೆ ಆತು ಹೇಳಿ ಎಳಕ್ಕೊಂಬಲೆ ಆರಿಂಗೂ ಎಡಿಯ.

ನಮ್ಮ ಜಿಲ್ಲೆಗೆ ಇದೆಂತ ಹೊಸತ್ತೂ ಅಲ್ಲ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಮಂಗಳೂರಿಲಿ ಅಚ್ಚಾದ್ದು 1899ರಲ್ಲಿ. ಅದರಲ್ಲಿ ಎಳೆ ಪ್ರಾಯದ ವಿಧವೆ ಓದಿ, ಮತ್ತೆ ಮದುವೆ ಆವುತ್ತು. ಮಂಗಳೂರಿನ ಕಮಲಾದೇವಿ, ಸಣ್ಣ ಇಪ್ಪಗಳೇ ಗೆಂಡನ ಕಳಕ್ಕೊಂಡವು, ಹರೀಂದ್ರನಾಥ ಚಟ್ಟೋಪಾಧ್ಯಾಯರ ಮದುವೆ ಆಗಿ ಸುಮಾರು ನೂರು ವರ್ಷ ಆತು. ನಾವಿನ್ನೂ ಎಲೆಗೆ ಸುಣ್ಣ ಉದ್ದುತ್ತಾ ಇದ್ದು.

ಶಾಲೆಯ ಪ್ರೀತಿ ಹೇಳಿ ಸಿನೆಮಾ ಮಾಡುದು ಎನಗೂ ಆಗ. ಹದಿನೈದರ ಹುಚ್ಚು ಅಲ್ಲ ಇದು. ಮೊಣಕಾಲು ಬೇನೆ, ಅಡಕ್ಕೆ ರೇಟು, ಮಾಣಿಯ ಅಬ್ಬೆಯ ಸಕ್ಕರೆ ಕಾಯಿಲೆ, ಎಲ್ಲ ಲೆಕ್ಕ ಹಾಕಿಯೇ ಇಬ್ರೂ ಒಪ್ಪಿದ್ದವು.

"ಮಗಳಿಂಗೆ ನಾಳೆ ಸಂಬಂಧ ಬಕ್ಕಾ?" ಹೇಳಿ ಕೇಳ್ತವು. ಆ ಮಗಳತ್ರೆ ಆರಾದರೂ ಕೇಳಿದ್ದಿರಾ? ಆನು ಕೇಳಿದೆ. "ಆನು ಹಾಸ್ಟೆಲಿಂಗೆ ಬಂದ ಮತ್ತೆ ಅಮ್ಮ ಇರುಳು ಅಶನ ಮಡುಗುತ್ತಿಲ್ಲೆ ಅತ್ತೆ. ಒಂದು ಗ್ಲಾಸು ಮಜ್ಜಿಗೆ ಕುಡುದು ಮನುಗುದು" ಹೇಳಿತ್ತು.

ಬಪ್ಪ ತಿಂಗಳು ದೇವಸ್ಥಾನಲ್ಲಿ ಮದುವೆ, ಐವತ್ತು ಜೆನಕ್ಕೆ ಊಟ. ಆನು ಹೋವುತ್ತೆ. ಮಲ್ಲಿಗೆ ಎನ್ನ ಜಾಲಿಂದೇ. ಬಂಟ್ವಾಳಂದ ಹೆರಡುವವು ಆರಾದರೂ ಇದ್ದರೆ ಹೇಳಿ, ಕಾರಿಲಿ ಇನ್ನೂ ಎರಡು ಜೆನಕ್ಕೆ ಜಾಗೆ ಇದ್ದು.