ಮನಸು ಯಾರದು, ಮದ್ದು ಯಾರಿಗೆ?

ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿರುವ ಕಂಬರ ತಲಾವದ ದಂಡೆಗೆ ನಸುಕಿನಲ್ಲಿ ತಿರುಗಾಡಲು ಹೋಗುತ್ತೇನೆ. ಅಕ್ಕಲಕೋಟೆ ಕಡೆಯಿಂದ ಮದುವೆಯಾಗಿ ಬಂದ 41ರ ಗೆಳತಿಯೊಬ್ಬಳು ಒಂದು ದಿನ ಗುಂಪಿನಿಂದ ಹಿಂದುಳಿದು ನನ್ನ ಕೈ ಹಿಡಿದಳು. "ಅಕ್ಕಾರ, ಪಿಶವಿ ತಗಸಿದ ಮ್ಯಾಲ ನನಗ ಮನಸ ಬರೂದಿಲ್ರಿ. ಅವರು ಸಿಟ್ಟಿಗೇಳ್ತಾರ. ಹಾರ್ಮೋನಿನ ಗುಳಗಿ ಅದಾವಂತ, ತಗೋಬೇಕೋ ಬ್ಯಾಡೋ?" ಪಿಶವಿ ಎಂದರೆ ಗರ್ಭಚೀಲ, ಮರಾಠಿಯಿಂದ ನಮ್ಮ ಬಾಯಿಗೆ ಬಂದ ಮಾತು. ಡಾ. ಅನುಪಮಾ ನಿರಂಜನ ಕನ್ನಡದಲ್ಲಿ 'ದಾಂಪತ್ಯ ದೀಪಿಕೆ' ಬರೆದು ದಶಕಗಳೇ ಕಳೆದವು. ಆದರೂ ಹೆಣ್ಣು ಈ ಮಾತನ್ನು ಇಂದಿಗೂ ಪಿಸುಗುಡಬೇಕಾಗಿದೆ.

ಬೇಕು ಎನ್ನುವವರ ವಾದಕ್ಕೆ ಬಲವಿದೆ. ಗರ್ಭಚೀಲದ ಜೊತೆ ಅಂಡಾಶಯಗಳನ್ನೂ ತೆಗೆದರೆ, ವರ್ಷಗಟ್ಟಲೆ ನಿಧಾನವಾಗಿ ಆಗಬೇಕಾದ ಬದಲಾವಣೆ ಒಮ್ಮೆಲೇ ಮೈಮೇಲೆ ಎರಗುತ್ತದೆ. ಈಸ್ಟ್ರೋಜನ್ ಕುಸಿಯುತ್ತದೆ. ಹೆಣ್ಣಿನ ದೇಹದಲ್ಲೂ ಇರುವ ಟೆಸ್ಟೋಸ್ಟೆರಾನ್ ಸುಮಾರು ಅರ್ಧಕ್ಕಿಳಿಯುತ್ತದೆ. ಮೈಯೆಲ್ಲ ಝಳ, ನಿದ್ದೆಗೇಡು, ಯೋನಿಯ ಒಣತನ, ಕೂಡುವಾಗ ನೋವು. ನೋವಾಗುವ ಕಡೆಗೆ ಮನಸು ಹೇಗೆ ಹೋದೀತು? ಈ ಭಾಗದಲ್ಲಿ ಇದು ಒಬ್ಬಿಬ್ಬರ ಪಾಡಲ್ಲ. ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರು ಚಿಕ್ಕ ವಯಸ್ಸಿಗೇ ಗರ್ಭಚೀಲ ಕಳೆದುಕೊಂಡ ಸಂಗತಿ 2019ರಲ್ಲಿ ಮಹಾರಾಷ್ಟ್ರದ ವಿಧಾನಮಂಡಲದವರೆಗೆ ಹೋಯಿತು. ನೆರೆಯ ಕಲಬುರಗಿಯ ತಾಂಡಾಗಳಿಂದಲೂ ಇದೇ ಗೋಳು ಕೇಳಿಬಂತು. ಇಂಥವರಿಗೆ ಹಾರ್ಮೋನು ಕೊಡುವುದೆಂದರೆ ಕಳೆದುಕೊಂಡದ್ದನ್ನು ಮರಳಿ ಕೊಡುವುದು, ಶೋಕಿಯಲ್ಲ. ಒಣತನಕ್ಕಷ್ಟೇ ಹಚ್ಚುವ ಈಸ್ಟ್ರೋಜನ್ ಮುಲಾಮು ರಕ್ತಕ್ಕೆ ಸೇರುವುದೂ ಬಹಳ ಕಡಿಮೆ.

ಬೇಡ ಎನ್ನುವವರು 2002ನ್ನು ನೆನಪಿಸುತ್ತಾರೆ. ಅಮೆರಿಕದಲ್ಲಿ 16,608 ಹೆಂಗಸರ ಮೇಲೆ ನಡೆದ ಅಧ್ಯಯನವನ್ನು ಆ ವರ್ಷ ಅರ್ಧಕ್ಕೇ ನಿಲ್ಲಿಸಿದರು. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡೂ ಹಾರ್ಮೋನುಗಳನ್ನು ನುಂಗಿದ ಪ್ರತಿ 10,000 ಮಂದಿಯಲ್ಲಿ ವರ್ಷಕ್ಕೆ 8 ಸ್ತನ ಕ್ಯಾನ್ಸರ್, 8 ಲಕ್ವಾ ಹೆಚ್ಚಾಗಿ ಕಂಡಿದ್ದವು. ಆ ಭಯ ಹುಸಿಯಲ್ಲ. ಆದರೆ ಅವರ ಸರಾಸರಿ ವಯಸ್ಸು 63. ಗರ್ಭಚೀಲವಿಲ್ಲದವರಿಗೆ ಸಾಮಾನ್ಯವಾಗಿ ಪ್ರೊಜೆಸ್ಟಿನ್ ಬೇಕಾಗುವುದಿಲ್ಲ. ಈಸ್ಟ್ರೋಜನ್ ಒಂದನ್ನೇ ಪಡೆದವರಲ್ಲಿ ಲಕ್ವಾ ಹೆಚ್ಚಿತು, ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ.

ಬೇಡ ಎನ್ನಲು ಇನ್ನೊಂದು ಕಾರಣ, ಲಾಭದ ಅಳತೆ. ಮುಟ್ಟು ನಿಂತ ಮೇಲೆ ಇಚ್ಛೆ ಕುಂದಿ ಸಂಕಟಪಡುವವರಿಗೆ ಟೆಸ್ಟೋಸ್ಟೆರಾನ್ ಕೊಡಬಹುದೆಂದು 2019ರಲ್ಲಿ ಹಲವು ದೇಶಗಳ ತಜ್ಞ ಸಂಘಗಳು ಒಪ್ಪಿದವು. ಆದರೆ ಅದರಿಂದ ಸಿಗುವುದು ಸರಾಸರಿ ತಿಂಗಳಿಗೆ ಒಂದು ಹೆಚ್ಚಿನ ತೃಪ್ತಿಯ ಕೂಟ. ಕೆಲವರಿಗೆ ಅದೇ ದೊಡ್ಡದು, ಕೆಲವರಿಗೆ ಏನೂ ಅಲ್ಲ. ಗಂಡಸರಿಗೆಂದು ಮಾಡಿದ ಜೆಲ್ಲನ್ನು ಅಂದಾಜಿನಲ್ಲಿ ಹಚ್ಚಿಕೊಂಡರೆ ಮುಖದಲ್ಲಿ ಕೂದಲು ಬರಬಹುದು, ದನಿ ಒಡೆಯಬಹುದು. ಒಡೆದ ದನಿ ಮರಳಿ ಬಾರದೆಯೂ ಇರಬಹುದು.

ಗಂಡಸರ ತಕ್ಕಡಿಯೂ ಹೀಗೆಯೇ ತೂಗುತ್ತದೆ. ಗೋಡೆಗಳ ಮೇಲಿನ 'ಗುಪ್ತರೋಗ' ಜಾಹೀರಾತು ಎಲ್ಲರಿಗೂ ಶಕ್ತಿ ಕುಂದಿದೆ ಎನ್ನುತ್ತದೆ. ಯುರೋಪಿನಲ್ಲಿ 40ರಿಂದ 79ರ ಮೂರು ಸಾವಿರಕ್ಕೂ ಹೆಚ್ಚು ಗಂಡಸರನ್ನು ನೋಡಿದಾಗ ನಿಜವಾದ ಕೊರತೆ ಕಂಡದ್ದು ನೂರಕ್ಕೆ ಇಬ್ಬರಲ್ಲಿ. ಎರಡು ಬೇರೆ ದಿನ ಮುಂಜಾನೆ ರಕ್ತ ಪರೀಕ್ಷಿಸಿ, ಎರಡರಲ್ಲೂ ಕಡಿಮೆ ಬಂದವರಿಗೆ ಟೆಸ್ಟೋಸ್ಟೆರಾನ್‌ನಿಂದ ಇಚ್ಛೆ ಸ್ವಲ್ಪ ಸುಧಾರಿಸುತ್ತದೆ. ಇದರಿಂದ ಹೃದಯಾಘಾತ ಹೆಚ್ಚುವುದಿಲ್ಲವೆಂದು 2023ರ ದೊಡ್ಡ ಅಧ್ಯಯನ ತೋರಿಸಿತು. ಆದರೆ ಎದೆಬಡಿತದ ಏರುಪೇರು, ಪುಪ್ಪುಸದಲ್ಲಿ ರಕ್ತ ಹೆಪ್ಪುಗಟ್ಟುವುದು ತುಸು ಹೆಚ್ಚಾಗಿಯೇ ಕಂಡವು. ಮಕ್ಕಳು ಬೇಕೆನ್ನುವವರು ಇನ್ನೊಂದು ಮಾತು ತಿಳಿದಿರಬೇಕು: ಹೊರಗಿನಿಂದ ಕೊಟ್ಟ ಟೆಸ್ಟೋಸ್ಟೆರಾನ್ ವೀರ್ಯಾಣುಗಳ ಹುಟ್ಟನ್ನೇ ತಡೆಯುತ್ತದೆ.

ಈ ಹಾರ್ಮೋನುಗಳು ಮುಟ್ಟಲಾರದ ಕಾರಣಗಳೂ ಇವೆ. ಸಕ್ಕರೆ ಕಾಯಿಲೆ, ಥೈರಾಯ್ಡ್, ಖಿನ್ನತೆ, ಖಿನ್ನತೆಗೆ ಕೊಡುವ ಕೆಲವು ಗುಳಿಗೆ, ಸೆರೆ ಇವೆಲ್ಲ ಇಚ್ಛೆಯನ್ನು ಕುಗ್ಗಿಸುತ್ತವೆ. ದಿನವಿಡೀ ಬೀಡಿ ಕಟ್ಟಿ, ಒಂದೇ ಖೋಲಿಯಲ್ಲಿ ಅತ್ತೆ, ಮಾವ, ಮಕ್ಕಳ ನಡುವೆ ಮಲಗುವವಳ ಮನಸನ್ನು ಯಾವ ರಕ್ತಪರೀಕ್ಷೆ ಅಳೆದೀತು?

ಅದಕ್ಕೇ ಗೆಳತಿಗೆ ಮೊದಲು ಕೇಳಿದೆ: "ತಂಗಿ, ಅವರ ಸಿಟ್ಟಿನ ಮಾತು ಬಿಡು. ನಿನಗ ಬೇಕಂತ ಅನಸ್ತದೇನು?" ಅವಳು ನೀರಿನ ಕಡೆ ನೋಡುತ್ತ ಬಹಳ ಹೊತ್ತು ನಿಂತಳು. "ನನಗೂ ಬೇಕ್ರಿ ಅಕ್ಕಾರ. ಮೊದಲಿನಂಗ ಇರಬೇಕಂತ ಅನಸ್ತದ."

ಇಚ್ಛೆ ಇಲ್ಲದಿರುವುದೇ ರೋಗವಲ್ಲ. ಅದರಿಂದ ತನಗೇ ಸಂಕಟವಾದಾಗ ಅದು ಚಿಕಿತ್ಸೆಯ ವಿಷಯ. ಗಂಡನ ಸಿಟ್ಟಿಗೆ ಹೆಂಡತಿ ಗುಳಿಗೆ ನುಂಗಬೇಕಿಲ್ಲ. ತನಗೇ ಬೇಕೆನ್ನುವ ಹೆಣ್ಣಿಗೆ "ಈ ವಯಸ್ಸಿನಾಗ ಯಾಕ ಬೇಕು" ಎಂದು ಬಾಯಿ ಮುಚ್ಚಿಸುವುದೂ ಸಲ್ಲದು.

ಮರುದಿನ ಅವಳು ಪ್ಲಾಸ್ಟಿಕ್ ಚೀಲದಲ್ಲಿ ಆಪರೇಷನ್ನಿನ ಕಾಗದ ತಂದಳು. ಎರಡೂ ಅಂಡಾಶಯ ತೆಗೆದದ್ದು ಅದರಲ್ಲಿ ಬರೆದಿತ್ತು; ಅವಳಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಸ್ತನ ಕ್ಯಾನ್ಸರ್ ಆಗಿಲ್ಲ, ರಕ್ತ ಹೆಪ್ಪುಗಟ್ಟಿದ್ದಿಲ್ಲ. ಹಾಗಿದ್ದರೆ ಇವಳ ತಕ್ಕಡಿ, ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗಾದರೂ, ಬೇಕು ಎಂಬ ಕಡೆಗೇ ವಾಲುತ್ತದೆ ಎಂದು ನನಗನಿಸಿತು. ಆದರೆ ಅದನ್ನು ನಿರ್ಧರಿಸಬೇಕಾದವರು ಅವಳು ಮತ್ತು ಅವಳ ಡಾಕ್ಟರು. ಆ ಕಾಗದವನ್ನು ಮಡಚಿ ಅವಳ ಕೈಗೇ ಕೊಟ್ಟೆ. "ಇದನ್ನ ತಗೊಂಡು ಹೋಗು, ಈಗ ನನಗ ಕೇಳಿದ್ದನ್ನs ಅಲ್ಲಿ ಗಟ್ಟಿಯಾಗಿ ಕೇಳು" ಅಂದೆ.