ಸಹಿ ನಮ್ಮದು, ಭಾಷೆ ಯಾರದು?



ಹೊಳೆಆಲೂರಿನ ನನ್ನ ಮುದ್ರಣಾಲಯದಲ್ಲಿ ಗಿರಾಕಿ ಪ್ರೂಫ್ ಓದಿ ಸಹಿ ಹಾಕದೆ ಒಂದು ಲಗ್ನಪತ್ರಿಕೆಯೂ ಅಚ್ಚಿಗೆ ಹೋಗುವುದಿಲ್ಲ. ಅಂಥ ನಾನೇ, ಮಗಳ ಹಲ್ಲಿಗೆ ತಂತಿ ಹಾಕಿಸುವಾಗ ಇಂಗ್ಲಿಷ್ ಒಪ್ಪಿಗೆ ಪತ್ರಕ್ಕೆ ಕಣ್ಣುಮುಚ್ಚಿ ಸಹಿ ಹಾಕಿ ಬಂದೆ! ಅದರಲ್ಲಿ ‘ರೂಟ್ ರಿಸಾರ್ಪ್ಷನ್’ ಎಂಬ ಮಾತಿತ್ತು. ಅಕ್ಷರ ಜೋಡಿಸುವುದೇ ನನ್ನ ಕಸುಬು. ಅಕ್ಷರ ಗೊತ್ತಾಯಿತು, ಅರ್ಥ ಗೊತ್ತಾಗಲಿಲ್ಲ.

ವರ್ಷದ ಮೇಲೆ ಎಕ್ಸ್‌ರೇ ನೋಡಿ ವೈದ್ಯರು ಹೇಳಿದರು: “ಮುಂದಿನ ಹಲ್ಲಿನ ಬೇರು ಕರಗಿ ಗಿಡ್ಡ ಆಗೇತ್ರಿ.” ಕನ್ನಡದಲ್ಲಿ ಒಂದೇ ಸಾಲು! ಇದನ್ನು ಮೊದಲೇ ಬರೆದುಕೊಡಲು ಏನು ಅಡ್ಡಿಯಿತ್ತು?

ಸಂಗತಿ ಇಷ್ಟು. ತಂತಿಯ ಒತ್ತಡಕ್ಕೆ ದವಡೆಯ ಎಲುಬು ಒಂದು ಕಡೆ ಕರಗಿ, ಇನ್ನೊಂದು ಕಡೆ ಬೆಳೆದು, ಹಲ್ಲು ಸರಿಯುತ್ತದೆ. ಆಗ ಬೇರಿನ ತುದಿಯೂ ತುಸು ಕರಗುವುದುಂಟು. ಹೆಚ್ಚಿನವರಿಗೆ ಅದು 1-2 ಮಿಲಿಮೀಟರಿನೊಳಗೆ, ಚಿಂತೆಯಿಲ್ಲ. ಆದರೆ ಬೇರಿನ ತುದಿ ಸೂಜಿಯಂತೆ ಚೂಪಾಗಿದ್ದರೆ, ಕೊಕ್ಕೆಯಂತೆ ಬಾಗಿದ್ದರೆ, ಹಿಂದೆ ಪೆಟ್ಟು ತಿಂದ ಹಲ್ಲಾಗಿದ್ದರೆ ಅಪಾಯ ಹೆಚ್ಚು. ಮೇಲಿನ ಮುಂದಿನ ಹಲ್ಲುಗಳಿಗೇ ಇದು ಹೆಚ್ಚಾಗಿ ತಗಲುತ್ತದೆ. ಒತ್ತಡ ತೆಗೆದರೆ ಕರಗುವುದು ಸಾಮಾನ್ಯವಾಗಿ ನಿಲ್ಲುತ್ತದೆ. ಕರಗಿದ ಉದ್ದ ಮಾತ್ರ ಮರಳಿ ಬಾರದು. ಅದಕ್ಕೇ ತಂತಿ ಹಾಕುವ ಮೊದಲೊಂದು ಎಕ್ಸ್‌ರೇ, 6ರಿಂದ 12 ತಿಂಗಳೊಳಗೆ ಮತ್ತೊಂದು ಬೇಕು. ಬೇರು ಕರಗಿದ್ದು ಕಂಡರೆ 2-3 ತಿಂಗಳು ಬಿಡುವು ಕೊಡುತ್ತಾರೆ.

ವೈದ್ಯರ ಕೈ ತಪ್ಪಿತೆಂದು ನಾನು ದೂರುವುದಿಲ್ಲ. ಬೇರಿನ ಆಕಾರ ಹುಟ್ಟಿನಿಂದ ಬಂದದ್ದು. ಆದರೆ ನನ್ನ ಮಗಳು ಸಣ್ಣವಳಿದ್ದಾಗ ಶಾಲೆಯ ಅಂಗಳದಲ್ಲಿ ಬಿದ್ದು ಅದೇ ಹಲ್ಲಿಗೆ ಪೆಟ್ಟು ಮಾಡಿಕೊಂಡಿದ್ದಳು. ಪತ್ರ ಕನ್ನಡದಲ್ಲಿದ್ದಿದ್ದರೆ ಆ ಮಾತನ್ನು ನಾನು ಅಂದೇ ಹೇಳುತ್ತಿದ್ದೆ!

ಚಿಕಿತ್ಸೆ ಏನು, ಬೇರೆ ದಾರಿ ಏನು, ಅಪಾಯ ಏನು ಎಂದು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಿಳಿಯದ ಭಾಷೆಯಲ್ಲಿ ತಿಳಿಸುವುದು ಎಂಥ ತಿಳಿಸುವುದು? ಅದು ರೋಗಿಯ ರಕ್ಷಣೆಯೋ, ದವಾಖಾನೆಯ ರಕ್ಷಣೆಯೋ? 1963ರಲ್ಲೇ ಕನ್ನಡವನ್ನು ಆಡಳಿತ ಭಾಷೆ ಮಾಡಲು ಕಾಯ್ದೆ ತಂದ ನಾಡಿನಲ್ಲಿ ಕನ್ನಡಿಗನ ಬಾಯಿಯ ಹಲ್ಲಿಗೆ ಇಂಗ್ಲಿಷ್ ಕಾಗದವೇ?

ಓದುಗರೇ, ಪೆನ್ನು ಕೈಗೆ ಕೊಟ್ಟಾಗ “ಕನ್ನಡದಾಗ ಕೊಡ್ರಿ” ಎನ್ನಿ. ಹಳೆಯ ಪೆಟ್ಟಿದ್ದರೆ ಹೇಳಿ. ಬೇರಿನ ಎಕ್ಸ್‌ರೇ ತೋರಿಸಲು ಕೇಳಿ. ಗದಗ ಜಿಲ್ಲೆಯ ಯಾವ ದವಾಖಾನೆಯವರೇ ಕನ್ನಡದಲ್ಲಿ ಒಪ್ಪಿಗೆ ಪತ್ರ ಬರೆದು ತರಲಿ, ಮೊದಲ 100 ಪ್ರತಿ ನಾನು ಪುಕ್ಕಟೆ ಅಚ್ಚು ಹಾಕಿ ಕೊಡುತ್ತೇನೆ. ಪ್ರೂಫ್ ಮಾತ್ರ ರೋಗಿಯೇ ಓದಬೇಕು!

ಸಿರಿಗನ್ನಡಂ ಗೆಲ್ಗೆ!